ನಿಮಗಿದು ಗೊತ್ತೇ? ಸ್ಲೈಡಿನ ಮೇಲೊಂದು ಕಂದು ಬಣ್ಣ

"ಐಎಚ್‌ಸಿ ಮಾಡಿಸಬೇಕು." ಬಯಾಪ್ಸಿ ವರದಿ ಬಂದ ಮೇಲೆ ಎಷ್ಟೋ ಮನೆಯವರು ಡಾಕ್ಟರ ಬಾಯಿಂದ ಮೊದಲ ಸಲ ಕೇಳುವ ಮಾತಿದು. ಮತ್ತೆ ಕೆಲವು ದಿನ ಕಾಯಬೇಕು, ಮತ್ತೆ ಒಂದಿಷ್ಟು ಸಾವಿರ ಹೊಂದಿಸಬೇಕು. ಅಷ್ಟು ದಿನ ಲ್ಯಾಬಿನೊಳಗೆ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ. ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಉದ್ದ ಹೆಸರಿನ ಈ ಪರೀಕ್ಷೆಯಲ್ಲಿ ಪ್ರತಿಕಾಯಗಳನ್ನು, ಅಂದರೆ ಆಂಟಿಬಾಡಿಗಳನ್ನು, ಸ್ಲೈಡಿನ ಮೇಲೆ ಹನಿಸಿ ಜೀವಕೋಶದ ಮೂಲ ಪತ್ತೆ ಮಾಡುತ್ತಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಅದರಲ್ಲೂ ಎಪಿಥೀಲಿಯಲ್ ಕೋಶಗಳ ಗುರುತು ಹಿಡಿಯುವ ಪ್ರತಿಕಾಯಗಳಿಗೆ.

◆ ಚರ್ಮದ ಮೇಲ್ಪದರ, ಬಾಯಿಯ ಒಳಪೊರೆ, ಕರುಳು, ಶ್ವಾಸನಾಳ, ಮೂತ್ರಕೋಶ, ಎದೆಹಾಲಿನ ನಾಳ, ಲಾಲಾಗ್ರಂಥಿ, ಇವೆಲ್ಲವನ್ನೂ ಹೊದ್ದಿರುವುದು ಎಪಿಥೀಲಿಯಂ. ಶಾಲೆಯ ಪುಸ್ತಕದಲ್ಲಿ ಓದಿದ ಅನುಲೇಪಕ ಅಂಗಾಂಶ. ವಯಸ್ಕರ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 80ರಿಂದ 90ರಷ್ಟು ಹುಟ್ಟುವುದು ಈ ಕೋಶಗಳಲ್ಲೇ. ಅವುಗಳಿಗೆ ಕಾರ್ಸಿನೋಮಾ ಎನ್ನುತ್ತಾರೆ. ಹಾಗಾಗಿ ಮೂಲ ತಿಳಿಯದ ಗಡ್ಡೆಯೊಂದು ಮೈಕ್ರೋಸ್ಕೋಪಿನ ಕೆಳಗೆ ಬಂದಾಗ ಪೆಥಾಲಜಿಸ್ಟ್ ಮೊದಲು ಕೇಳಿಕೊಳ್ಳುವುದು ಇದು ಎಪಿಥೀಲಿಯಲ್ ಹೌದೋ ಅಲ್ಲವೋ ಎಂದು. ಕಾರ್ಸಿನೋಮಾಕ್ಕೆ ಒಂದು ಚಿಕಿತ್ಸೆ, ಲಿಂಫೋಮಾಕ್ಕೆ ಇನ್ನೊಂದು, ಮೆಲನೋಮಾಕ್ಕೆ ಮತ್ತೊಂದು. ಗುಲಾಬಿ-ನೀಲಿಯ ಮಾಮೂಲಿ ಸ್ಲೈಡಿನಲ್ಲಿ ಈ ಮೂರೂ ಒಂದೇ ಥರ ಕಾಣುವುದುಂಟು.

◆ ಕೂದಲು, ಉಗುರು, ದನದ ಕೊಂಬು ಎಲ್ಲವೂ ಕೆರಾಟಿನ್. ಅದೇ ಕುಟುಂಬದ ಪ್ರೊಟೀನ್‌ಗಳು ನಮ್ಮ ಎಪಿಥೀಲಿಯಲ್ ಕೋಶಗಳೊಳಗೆ ಸುಮಾರು 10 ನ್ಯಾನೋಮೀಟರ್ ದಪ್ಪದ ಎಳೆಗಳಾಗಿ ಹರಡಿಕೊಂಡಿವೆ. ಮನುಷ್ಯನಲ್ಲಿ ಕೆರಾಟಿನ್‌ಗೆಂದೇ ಕೆಲಸ ಮಾಡುವ 54 ಜೀನ್‌ಗಳಿವೆ. ಒಂಟಿ ಕೆರಾಟಿನ್ ಎಳೆ ಕಟ್ಟಲಾರದು. ಮೊದಲ ಬಗೆಯದೊಂದು, ಎರಡನೆಯ ಬಗೆಯದೊಂದು ಕೂಡಲೇಬೇಕು: 8ಕ್ಕೆ 18, 5ಕ್ಕೆ 14, 1ಕ್ಕೆ 10. ಚರ್ಮದ ತಳಪದರದಲ್ಲಿ 5 ಮತ್ತು 14ರ ಜೋಡಿ. ಕೋಶ ಮೇಲಕ್ಕೆ ಏರುತ್ತ ಬಂದಂತೆ ಅದು 1 ಮತ್ತು 10ಕ್ಕೆ ಬದಲಾಗುತ್ತದೆ. ಯಕೃತ್ತಿನ ಕೋಶದಲ್ಲಿ 8 ಮತ್ತು 18 ಮಾತ್ರ. ಯಾವ ಜೋಡಿ ಇದೆಯೆಂದು ಗೊತ್ತಾದರೆ ಕೋಶ ಯಾವ ಊರಿನದೆಂದು ಊಹಿಸಬಹುದು. ಅದೂ ಎಂಥ ಅನುಕೂಲವೆಂದರೆ, ಕೋಶ ಕ್ಯಾನ್ಸರ್‌ಗೆ ತಿರುಗಿದರೂ ತನ್ನ ಕೆರಾಟಿನ್ ಜೋಡಿಯನ್ನು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ.

◆ ಈ ಕೆರಾಟಿನ್‌ಗಳಿಗೆ 1ರಿಂದ 19ರವರೆಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ್ದು 1982ರಲ್ಲಿ, ಜರ್ಮನಿಯ ರೋಲಂಡ್ ಮೋಲ್, ವೆರ್ನರ್ ಫ್ರಾಂಕೆ ಮತ್ತು ಸಂಗಡಿಗರು. ಇಪ್ಪತ್ತನೆಯದು 1990ರಲ್ಲಿ ಕರುಳಿನಲ್ಲಿ ಸಿಕ್ಕಿತು. 2006ರಲ್ಲಿ ಹೆಸರುಗಳನ್ನು ಅಧಿಕೃತವಾಗಿ ಪರಿಷ್ಕರಿಸಿದರೂ ಆಸ್ಪತ್ರೆಯ ವರದಿಗಳಲ್ಲಿ ಇಂದಿಗೂ "ಸಿಕೆ7", "ಸಿಕೆ20" ಎಂಬ ಹಳೆಯ ರೂಪಗಳೇ ಓಡಾಡುತ್ತವೆ. ಸಿಕೆ ಎಂದರೆ ಸೈಟೊಕೆರಾಟಿನ್.

◆ ಇದೇ ಫ್ರಾಂಕೆ ಕ್ರೀಡಾಲೋಕಕ್ಕೂ ಪರಿಚಿತ ಹೆಸರು. ಬರ್ಲಿನ್ ಗೋಡೆ ಬಿದ್ದ ಮೇಲೆ, ಪೂರ್ವ ಜರ್ಮನಿ ಸರ್ಕಾರವೇ ಮುಂದೆ ನಿಂತು ತನ್ನ ಕ್ರೀಡಾಪಟುಗಳಿಗೆ ಹಾರ್ಮೋನ್ ಔಷಧಿ ಕೊಡಿಸುತ್ತಿತ್ತು ಎಂಬುದನ್ನು ದಾಖಲೆ ಸಮೇತ ಬಯಲಿಗೆಳೆದವರು ಅವರು ಮತ್ತು ಅವರ ಪತ್ನಿ, ಮಾಜಿ ಡಿಸ್ಕಸ್ ಎಸೆತಗಾರ್ತಿ ಬ್ರಿಗಿಟೆ ಬೆರೆಂಡಾಂಕ್.

◆ ಪ್ರತಿಕಾಯಕ್ಕೆ ಬಣ್ಣ ಕಟ್ಟಿ ಅಂಗಾಂಶದ ಮೇಲೆ ಬಿಟ್ಟರೆ ಅದು ಹೋಗಿ ಕೂತ ಜಾಗ ಕಣ್ಣಿಗೆ ಕಾಣುತ್ತದಲ್ಲವೇ? ಈ ಯೋಚನೆ ಅಮೆರಿಕದ ಆಲ್ಬರ್ಟ್ ಕೂನ್ಸ್ ಎಂಬ ಯುವ ವೈದ್ಯರಿಗೆ ಬಂದದ್ದು 1939ರ ಬೇಸಿಗೆಯಲ್ಲಿ, ಬರ್ಲಿನ್‌ನಲ್ಲಿದ್ದಾಗ. ಯುರೋಪಿನಲ್ಲಿ ಯುದ್ಧ ಇನ್ನೇನು ಶುರುವಾಗಲಿತ್ತು. ಊರಿಗೆ ಮರಳಿ, ಹಾರ್ವರ್ಡ್‌ನಲ್ಲಿ ರಸಾಯನಶಾಸ್ತ್ರಜ್ಞರ ನೆರವು ಪಡೆದು, 1941ರಲ್ಲಿ ಅತಿನೇರಳೆ ಬೆಳಕಿನಲ್ಲಿ ಹೊಳೆಯುವ ಪ್ರತಿಕಾಯದ ಬಗ್ಗೆ ಮೊದಲ ವರದಿ ಪ್ರಕಟಿಸಿದರು. ಆಗ ಅವರು ಹುಡುಕಿದ್ದು ನ್ಯೂಮೋನಿಯಾದ ಬ್ಯಾಕ್ಟೀರಿಯಾವನ್ನು. ಕ್ಯಾನ್ಸರ್ ಕೋಶದ ಸರದಿ ಬರಲು ಇನ್ನೂ ವರ್ಷಗಳೇ ಬೇಕಾದವು.

◆ ಹೊಳೆಯುವ ಬಣ್ಣದ್ದೊಂದು ತೊಂದರೆ: ಅದನ್ನು ನೋಡಲು ವಿಶೇಷ ಮೈಕ್ರೋಸ್ಕೋಪ್ ಬೇಕು, ದಿನ ಕಳೆದಂತೆ ಹೊಳಪೂ ಆರುತ್ತದೆ. 1966ರಲ್ಲಿ ಪಾಲ್ ನಕಾನೆ ಮತ್ತು ಬ್ಯಾರಿ ಪಿಯರ್ಸ್ ಬಣ್ಣದ ಬದಲು ಕಿಣ್ವವೊಂದನ್ನು ಪ್ರತಿಕಾಯಕ್ಕೆ ಕಟ್ಟಿದರು. ಸಾಸಿವೆಯ ಸಂಬಂಧಿಯಾದ ಹಾರ್ಸ್‌ರ‍್ಯಾಡಿಷ್ ಎಂಬ ಖಾರದ ಗೆಡ್ಡೆಯಿಂದ ತೆಗೆದ ಪೆರಾಕ್ಸಿಡೇಸ್ ಅದು. ಅದಕ್ಕೆ ಡಿಎಬಿ ಎಂಬ ರಾಸಾಯನಿಕ ಮತ್ತು ಒಂದಿಷ್ಟು ಹೈಡ್ರೋಜನ್ ಪೆರಾಕ್ಸೈಡ್ ಕೊಟ್ಟರೆ ಕರಗದ ಕಂದು ಬಣ್ಣ ಅಲ್ಲೇ ಕೂತುಬಿಡುತ್ತದೆ. ಸಾಮಾನ್ಯ ಮೈಕ್ರೋಸ್ಕೋಪ್ ಸಾಕು. ಸ್ಲೈಡನ್ನು ವರ್ಷಗಟ್ಟಲೆ ಇಡಬಹುದು.

◆ ಕಂದು ಬಣ್ಣದ ಹಿನ್ನೆಲೆಯಲ್ಲಿ ಕೋಶಕೇಂದ್ರಗಳಿಗೆ ಬರುವ ನೀಲಿ ಹಿಮಟಾಕ್ಸಿಲಿನ್, ಮಧ್ಯ ಅಮೆರಿಕದ ಲಾಗ್‌ವುಡ್ ಮರದ ತಿರುಳಿನದು. ಒಂದು ಕಾಲಕ್ಕೆ ಬಟ್ಟೆಗೆ ಹಾಕುತ್ತಿದ್ದ ಬಣ್ಣ.

◆ 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜಸ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಇಲಿಯ ಗುಲ್ಮದ ಕೋಶವನ್ನು ಸಾವಿಲ್ಲದ ಮೈಲೋಮಾ ಕೋಶದ ಜೊತೆ ಬೆಸೆದರು. ಒಂದೇ ಅಚ್ಚಿನ ಪ್ರತಿಕಾಯವನ್ನು ಎಷ್ಟು ಬೇಕಾದರೂ ಉತ್ಪಾದಿಸುವ ಕೋಶ ಹುಟ್ಟಿತು. ಅದಕ್ಕೆ ಪೇಟೆಂಟ್ ಪಡೆದಿರಲಿಲ್ಲ. 1984ರಲ್ಲಿ ನೀಲ್ಸ್ ಯೆರ್ನೆ ಜೊತೆ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೆ ಮೊದಲು ಮೊಲಕ್ಕೋ ಆಡಿಗೋ ಚುಚ್ಚಿ ಪಡೆದ ಸೀರಂನಲ್ಲಿ ಹತ್ತಾರು ಬಗೆಯ ಪ್ರತಿಕಾಯಗಳು ಬೆರೆತಿರುತ್ತಿದ್ದವು. ಪ್ರಾಣಿ ಸತ್ತರೆ ಆ ಸೀರಂ ಕಥೆ ಮುಗಿದಂತೆ. ಇಂದು ಬೆಂಗಳೂರಿನ ಲ್ಯಾಬಿನಲ್ಲೂ ಬೋಸ್ಟನ್ನಿನ ಲ್ಯಾಬಿನಲ್ಲೂ ಒಂದೇ ಹೆಸರಿನ ಕ್ಲೋನ್ ಬಳಸಿ ಫಲಿತಾಂಶ ಹೋಲಿಸಲು ಸಾಧ್ಯವಾಗಿರುವುದು ಈ ಬೆಸುಗೆಯಿಂದ.

◆ 1893ರಲ್ಲಿ ಫ್ರಾಂಕ್‌ಫರ್ಟ್‌ನ ಫರ್ಡಿನಾಂಡ್ ಬ್ಲೂಮ್ ಫಾರ್ಮಾಲ್ಡಿಹೈಡ್‌ನ ಕ್ರಿಮಿನಾಶಕ ಗುಣ ಪರೀಕ್ಷಿಸುತ್ತಿದ್ದಾಗ ತಮ್ಮ ಬೆರಳುಗಳ ಚರ್ಮ ಗಟ್ಟಿಯಾದದ್ದನ್ನು ಗಮನಿಸಿದರು. ಅಂಗಾಂಶವನ್ನು ಕೆಡದಂತೆ ಹಿಡಿದಿಡಲು ಇದು ಆದೀತು ಎಂದು ಹೊಳೆದದ್ದು ಹಾಗೆ. ಅಂದಿನಿಂದ ಬಯಾಪ್ಸಿ ತುಣುಕುಗಳೆಲ್ಲ ಫಾರ್ಮಲಿನ್‌ಗೆ ಬಿದ್ದವು. ಆದರೆ ಫಾರ್ಮಲಿನ್ ಪ್ರೊಟೀನ್‌ಗಳನ್ನು ಒಂದಕ್ಕೊಂದು ಬಿಗಿದು ಕಟ್ಟುತ್ತದೆ. ಪ್ರತಿಕಾಯ ಹಿಡಿಯಬೇಕಾದ ತುದಿಯೇ ಮುಚ್ಚಿಹೋಗುತ್ತದೆ. 1980ರ ದಶಕದಲ್ಲಿ ಎಷ್ಟೋ ಪ್ರತಿಕಾಯಗಳು ಹೆಪ್ಪುಗಟ್ಟಿಸಿದ ತಾಜಾ ಅಂಗಾಂಶದಲ್ಲಿ ಸೊಗಸಾಗಿ ಬಣ್ಣ ಕೊಟ್ಟು, ಫಾರ್ಮಲಿನ್ ಅಂಗಾಂಶದಲ್ಲಿ ಕೈಕೊಡುತ್ತಿದ್ದವು.

ಬೀಗ ತೆಗೆದದ್ದು 1991ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿದ್ದ ಶಾನ್-ರೋಂಗ್ ಶೀ 1940ರ ದಶಕದ ಹಳೆಯ ರಸಾಯನಶಾಸ್ತ್ರದ ಬರಹಗಳನ್ನು ಹುಡುಕಿ ಓದಿದರು. ಫಾರ್ಮಲಿನ್ ಹಾಕಿದ ಗಂಟು ಹೆಚ್ಚಿನ ಶಾಖಕ್ಕೆ ಸಡಿಲವಾಗುತ್ತದೆ ಎಂಬ ಸುಳಿವು ಅಲ್ಲಿತ್ತು. ಸ್ಲೈಡುಗಳನ್ನು ದ್ರಾವಣದಲ್ಲಿಟ್ಟು ಮೈಕ್ರೋವೇವ್‌ನಲ್ಲಿ ಕುದಿಸಿದರು. ಬಣ್ಣ ಬಂತು! ಸೂಕ್ಷ್ಮವಾದ ಅಂಗಾಂಶವನ್ನು ಕುದಿಸಿದರೆ ಹಾಳಾಗುತ್ತದೆ ಎಂದೇ ಎಲ್ಲರೂ ನಂಬಿದ್ದ ಕಾಲ ಅದು. ಈ ಕ್ಷೇತ್ರದ ದೊಡ್ಡ ಪ್ರಶಸ್ತಿಗಳು ಬೇರೆಯವರಿಗೆ ಹೋದವು. ಆದರೂ ಜಗತ್ತಿನ ಆಸ್ಪತ್ರೆಗಳ ಕಪಾಟುಗಳಲ್ಲಿ ದಶಕಗಳಿಂದ ಕೂತಿದ್ದ ಫಾರ್ಮಲಿನ್ ಅಂಗಾಂಶವೆಲ್ಲ ಪರೀಕ್ಷೆಗೆ ಒದಗಿದ್ದು ಶೀ ಅವರಿಂದ, ಹಾಗಾಗಿ ನನ್ನ ಲೆಕ್ಕದಲ್ಲಿ ಅವರದು ಯಾವ ನೊಬೆಲ್‌ಗೂ ಕಡಿಮೆಯಿಲ್ಲದ ಕೆಲಸ.

◆ ಆಮೇಲೆ ಲ್ಯಾಬಿಗೆ ಬಂದದ್ದು ಪ್ರೆಷರ್ ಕುಕ್ಕರ್. ಅಡುಗೆಮನೆಯಲ್ಲಿರುವಂಥದ್ದೇ! ಎಲ್ಲವನ್ನೂ ತಾನೇ ಮಾಡುವ ಯಂತ್ರ ಕೊಳ್ಳಲಾಗದ ಲ್ಯಾಬುಗಳಲ್ಲಿ ಸಿಟ್ರೇಟ್ ದ್ರಾವಣ ತುಂಬಿದ ಕುಕ್ಕರಿನಲ್ಲಿ ಸ್ಲೈಡುಗಳು ಬೇಯುತ್ತವೆ.

ಅಲ್ಲಿನ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೇಣದ ಬ್ಲಾಕಿನಲ್ಲಿ ಹುದುಗಿದ ಅಂಗಾಂಶವನ್ನು ಟೆಕ್ನೀಷಿಯನ್ 3-4 ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತಾರೆ. ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಪಾಲು ಇದ್ದೀತು. ಆ ಪದರ ಬೆಚ್ಚನೆಯ ನೀರಿನ ಮೇಲೆ ತೇಲಿ ಸುಕ್ಕು ಬಿಚ್ಚಿಕೊಂಡ ಕ್ಷಣದಲ್ಲಿ ಗಾಜಿನ ಸ್ಲೈಡನ್ನು ಅಡಿಯಿಂದ ತಂದು ಎತ್ತಿಕೊಳ್ಳಬೇಕು. ಉಸಿರು ಜೋರಾಗಿ ಬಿಟ್ಟರೂ ಪದರ ಹಾರಿಹೋಗುತ್ತದೆ. ಆಮೇಲೆ ಮೇಣ ಕರಗಿಸುವುದು, ಕುದಿಸುವುದು, ತಣಿಸುವುದು. ಅಂಗಾಂಶದಲ್ಲಿರುವ ಕೆಂಪು ರಕ್ತಕಣಗಳೇ ಪೆರಾಕ್ಸಿಡೇಸ್‌ನಂತೆ ವರ್ತಿಸಿ ಸುಳ್ಳು ಕಂದು ಬಣ್ಣ ತರುವುದರಿಂದ ಮೊದಲೇ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅವುಗಳ ಬಾಯಿ ಮುಚ್ಚಿಸಬೇಕು. ಬಳಿಕ ಮೊದಲ ಪ್ರತಿಕಾಯ, ಅದನ್ನು ಹಿಡಿಯುವ ಎರಡನೆಯ ಪ್ರತಿಕಾಯ, ಡಿಎಬಿ, ಕೊನೆಗೆ ನೀಲಿ. ನಡುನಡುವೆ ತೊಳೆಯುವುದು, ಮತ್ತೆ ತೊಳೆಯುವುದು. ಎಲ್ಲೂ ಸ್ಲೈಡ್ ಒಣಗಕೂಡದು. ಒಣಗಿದ ಅಂಚು ಎಲ್ಲ ಪ್ರತಿಕಾಯಗಳಿಗೂ ಕಂದಾಗುತ್ತದೆ. ವರದಿಯ ಕೆಳಗೆ ಸಹಿ ಡಾಕ್ಟರದ್ದು. ಆ ಸಹಿ ನಿಂತಿರುವುದು ಹೆಸರು ಅಚ್ಚಾಗದ ಈ ಟೆಕ್ನೀಷಿಯನ್ನರ ಕೈ ಮೇಲೆ.

◆ ಒಂದೇ ಪ್ರತಿಕಾಯ ಎಲ್ಲ ಕೆರಾಟಿನ್ ಹಿಡಿಯುವುದಿಲ್ಲ. ಅದಕ್ಕೇ ಎರಡನ್ನು ಬೆರೆಸಿದ "ಎಇ1/ಎಇ3" ಎಂಬ ಮಿಶ್ರಣ ಲೋಕಪ್ರಸಿದ್ಧ. ನ್ಯೂಯಾರ್ಕ್‌ನ ತುಂಗ್-ತಿಯನ್ ಸುನ್ ಅವರ ಪ್ರಯೋಗಾಲಯದಿಂದ 1980ರ ದಶಕದ ಆರಂಭದಲ್ಲಿ ಬಂದ ಜೋಡಿ ಇದು. ಎಇ1 ಮೊದಲ ಬಗೆಯ ಕೆರಾಟಿನ್‌ಗಳಲ್ಲಿ ಹಲವನ್ನು, ಎಇ3 ಎರಡನೆಯ ಬಗೆಯವನ್ನು ಹಿಡಿಯುತ್ತದೆ. ಆದರೆ 18ನೇ ಕೆರಾಟಿನ್ ಇವಕ್ಕೆ ಸಿಗುವುದಿಲ್ಲ. ಯಕೃತ್ತಿನ ಕೋಶದಲ್ಲಿರುವುದು 8 ಮತ್ತು 18 ಮಾತ್ರ ಎಂದು ಮೇಲೆ ಹೇಳಿದೆನಲ್ಲ, ಅದರ ಕ್ಯಾನ್ಸರ್ ಈ ಮಿಶ್ರಣಕ್ಕೆ ಹಲವು ಸಲ ಮಂಕಾಗಿಯೇ ಉಳಿಯುತ್ತದೆ. ಆಗ "ಕ್ಯಾಮ್ 5.2" ಎಂಬ ಇನ್ನೊಂದು ಪ್ರತಿಕಾಯವನ್ನು ಕರೆಯಬೇಕು. ಒಂದೇ ಪ್ರತಿಕಾಯವನ್ನು ನಂಬಿ "ಕೆರಾಟಿನ್ ಇಲ್ಲ" ಎಂದು ಬರೆದರೆ ಇಂಥ ಕಡೆ ಎಡವಟ್ಟಾಗುತ್ತದೆ.

◆ ಸಿಕೆ7 ಇದೆ, ಸಿಕೆ20 ಇಲ್ಲ: ಶ್ವಾಸಕೋಶ, ಸ್ತನ, ಥೈರಾಯ್ಡ್ ಕಡೆ ನೋಡಿ. ಸಿಕೆ20 ಇದೆ, ಸಿಕೆ7 ಇಲ್ಲ: ದೊಡ್ಡ ಕರುಳು. ಎರಡೂ ಇದೆ: ಮೂತ್ರಕೋಶ, ಮೇದೋಜೀರಕ ಗ್ರಂಥಿ. ಎರಡೂ ಇಲ್ಲ: ಪ್ರಾಸ್ಟೇಟ್, ಯಕೃತ್ತು. ಮೂಲ ತಿಳಿಯದೆ ಹರಡಿದ ಕ್ಯಾನ್ಸರ್‌ನಲ್ಲಿ ಹುಡುಕಾಟ ಶುರುವಾಗುವುದು ಈ ನಾಲ್ಕು ಮನೆಗಳಿಂದ. ನಾಲ್ಕರಲ್ಲೂ ಅಪವಾದಗಳಿವೆ. ಮುಂದಿನ ಹೆಜ್ಜೆಗೆ ಕೋಶಕೇಂದ್ರದೊಳಗಿನ ಗುರುತುಗಳು: ಟಿಟಿಎಫ್-1 ಬಂದರೆ ಶ್ವಾಸಕೋಶ ಅಥವಾ ಥೈರಾಯ್ಡ್, ಸಿಡಿಎಕ್ಸ್2 ಬಂದರೆ ಕರುಳು, ಗಾಟಾ3 ಬಂದರೆ ಸ್ತನ ಅಥವಾ ಮೂತ್ರಕೋಶ, ಪಾಕ್ಸ್8 ಬಂದರೆ ಮೂತ್ರಪಿಂಡ, ಅಂಡಾಶಯ, ಥೈರಾಯ್ಡ್.

◆ ಚರ್ಮದಲ್ಲಿ ಅಪರೂಪಕ್ಕೆ ಬರುವ ಮರ್ಕೆಲ್ ಕೋಶದ ಕ್ಯಾನ್ಸರ್‌ನಲ್ಲಿ ಸಿಕೆ20 ಕೋಶವಿಡೀ ಹರಡದೆ ಕೇಂದ್ರದ ಪಕ್ಕದಲ್ಲೊಂದು ಕಂದು ಚುಕ್ಕೆಯಾಗಿ ಕೂರುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ.

◆ ಬಣ್ಣ ಬಾರದಿರುವುದೇ ಕ್ಯಾನ್ಸರ್‌ನ ಸುಳಿವಾಗುವ ಪರೀಕ್ಷೆಯೂ ಇದೆ ಎಂದರೆ ನಂಬುತ್ತೀರಾ? ಆರೋಗ್ಯವಂತ ಪ್ರಾಸ್ಟೇಟ್ ಗ್ರಂಥಿಯ ಪ್ರತಿ ಕೊಳವೆಗೂ ಎರಡು ಸಾಲು ಕೋಶಗಳು. ಒಳಗೆ ಸ್ರವಿಸುವ ಸಾಲು, ಹೊರಗೆ ತಳಕೋಶಗಳ ಸಾಲು. ಕ್ಯಾನ್ಸರ್ ಕೊಳವೆಗೆ ಹೊರಗಿನ ಸಾಲು ಇರುವುದಿಲ್ಲ. ಸೂಜಿ ಬಯಾಪ್ಸಿಯ ನೂಲಿನಂಥ ತುಣುಕಿನಲ್ಲಿ ಸಂಶಯದ ಕೊಳವೆ ನಾಲ್ಕೋ ಐದೋ ಇರಬಹುದು, ಅಷ್ಟರಲ್ಲೇ ತೀರ್ಮಾನಿಸಬೇಕು. ತಳಕೋಶದ ಕೆರಾಟಿನ್‌ಗಳನ್ನು ಹಿಡಿಯುವ "34ಬೀಟಾಇ12" ಮತ್ತು ಕೇಂದ್ರದ ಪಿ63, ಇವೆರಡನ್ನು ಹನಿಸಿದರೆ ಆರೋಗ್ಯವಂತ ಕೊಳವೆಗಳ ಸುತ್ತ ಕಂದು ಉಂಗುರ ಮೂಡುತ್ತದೆ. ಪಕ್ಕದಲ್ಲೇ ಉಂಗುರವಿಲ್ಲದೆ ನಿಂತ ಕೊಳವೆಗಳತ್ತ ಪೆಥಾಲಜಿಸ್ಟರ ಕಣ್ಣು ಹೋಗುತ್ತದೆ. ಅದೇ ಸ್ಲೈಡಿನಲ್ಲಿ ಅವು ಎಎಂಎಸಿಆರ್ ಎಂಬ ಇನ್ನೊಂದು ಗುರುತಿಗೆ ಕೆಂಪಾದರೆ ಸಂಶಯ ಬಲಗೊಂಡಂತೆ. ಸ್ತನದಲ್ಲೂ ಇದೇ ತರ್ಕ: ಹಾಲಿನ ನಾಳದ ಹೊರಸಾಲು ಉಳಿದಿದ್ದರೆ ಕ್ಯಾನ್ಸರ್ ಇನ್ನೂ ನಾಳದೊಳಗೇ ಇದೆ, ಹೊರಗೆ ನುಗ್ಗಿಲ್ಲ. ಇಲ್ಲಿ ಪಕ್ಕದ ಆರೋಗ್ಯವಂತ ಕೊಳವೆ ಕಂದಾಗಿದೆಯೇ ಎಂದು ನೋಡುವುದು ತೀರಾ ಮುಖ್ಯ. ಅದೂ ಆಗದಿದ್ದರೆ ಪರೀಕ್ಷೆಯೇ ಕೆಲಸ ಮಾಡಿಲ್ಲ, ಕ್ಯಾನ್ಸರ್ ಎಂದು ಬರೆಯುವ ಹಾಗಿಲ್ಲ.

◆ ಪಿ63 ಜೀನ್ ಕಿತ್ತುಹಾಕಿದ ಇಲಿಮರಿಗಳು ಚರ್ಮದ ಮೇಲ್ಪದರವಿಲ್ಲದೆಯೇ ಹುಟ್ಟುತ್ತವೆ. ಎರಡು ತಂಡಗಳು 1999ರಲ್ಲಿ ತೋರಿಸಿಕೊಟ್ಟ ಸಂಗತಿ. ತಳಕೋಶಕ್ಕೆ ಪಿ63 ಬರೀ ಗುರುತಲ್ಲ, ಜೀವಾಳ.

◆ ಎಪಿಥೀಲಿಯಲ್ ಕೋಶಗಳನ್ನು ಪರಸ್ಪರ ಅಂಟಿಸಿಡುವುದು ಇ-ಕ್ಯಾಡ್ಹೆರಿನ್. ಕ್ಯಾಲ್ಸಿಯಂ ಇದ್ದರೆ ಹಿಡಿತ, ತೆಗೆದರೆ ಸಡಿಲ. ಜಪಾನಿನ ಮಸಾತೋಶಿ ತಾಕೆಯಿಚಿ ಕ್ಯಾಡ್ಹೆರಿನ್ ಕುಟುಂಬವನ್ನು ಬಯಲಿಗೆ ತಂದರು. ಸ್ತನದ ಲಾಬ್ಯುಲರ್ ಕ್ಯಾನ್ಸರ್‌ಗಳಲ್ಲಿ ಬಹುಪಾಲಿಗೆ ಈ ಪ್ರೊಟೀನ್ ಇರುವುದಿಲ್ಲ. ಹಾಗಾಗಿ ಕೋಶಗಳು ಗುಂಪು ಬಿಟ್ಟು ಒಂದರ ಹಿಂದೊಂದು ಸಾಲಾಗಿ ಹರಿಯುತ್ತವೆ, ಕೈಗೆ ಗಡ್ಡೆಯೆಂದೇ ಸಿಗದಿರುವುದೂ ಉಂಟು. ಹುಟ್ಟಿನಿಂದಲೇ ಇದರ ಜೀನ್ ಕೆಟ್ಟಿದ್ದರೆ ಜಠರದ ಒಂದು ಬಗೆಯ ಕ್ಯಾನ್ಸರ್ ವಂಶದಲ್ಲಿ ಹರಿಯುತ್ತದೆ. ಅದನ್ನು 1998ರಲ್ಲಿ ಕಂಡುಕೊಂಡದ್ದು ನ್ಯೂಜಿಲೆಂಡ್‌ನ ಮಾವೋರಿ ಮನೆತನವೊಂದರ ನೆರವಿನಿಂದ. ತಮ್ಮವರು ಒಬ್ಬೊಬ್ಬರಾಗಿ ಸಾಯುವುದನ್ನು ಕಂಡು ಆ ಮನೆಯವರೇ ವಿಜ್ಞಾನಿಗಳ ಜೊತೆ ಕೂತು ಕೆಲಸ ಮಾಡಿದರು.

◆ ಅಡಿಕೆ ಬೆಳೆಯುವುದರಲ್ಲಿ ಕರ್ನಾಟಕ ದೇಶಕ್ಕೇ ಮುಂದು. ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕವೇ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಹೇಳಿತು. ಅಡಿಕೆಯನ್ನೇ ನಂಬಿದ ಮನೆಗಳಿಗೆ ಇದು ಕಹಿ ಮಾತು, ಆದರೂ ಹೇಳಲೇಬೇಕಾದದ್ದು. ಬಾಯಿಯ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಒಳಪೊರೆಯ ಎಪಿಥೀಲಿಯಂನಿಂದ ಹುಟ್ಟುವ ಸ್ಕ್ವಾಮಸ್ ಕಾರ್ಸಿನೋಮಾ. ಬಹಳಷ್ಟು ಸಲ ಮಾಮೂಲಿ ಸ್ಲೈಡಿನಲ್ಲೇ ಗೊತ್ತಾಗುತ್ತದೆ, ಐಎಚ್‌ಸಿ ಬೇಕಾಗುವುದಿಲ್ಲ. ಆದರೆ ಕೆಲವು ಗಡ್ಡೆಗಳಲ್ಲಿ ಕೋಶಗಳು ಕದಿರಿನ ಆಕಾರಕ್ಕೆ ಉದ್ದವಾಗಿ ಸ್ನಾಯುವಿನ ಸಾರ್ಕೋಮಾದಂತೆ ಕಾಣುತ್ತವೆ. ಆಗ ಕೆರಾಟಿನ್, ಪಿ63, ಪಿ40 ಪ್ರತಿಕಾಯಗಳೇ ದಾರಿ ತೋರಬೇಕು. ಅಲ್ಲೊಂದು ಇಲ್ಲೊಂದು ಕೋಶ ಕಂದಾದರೂ ಅದು ಕಾರ್ಸಿನೋಮಾ ಎನ್ನಲು ಬಲ ಬರುತ್ತದೆ, ಆಪರೇಷನ್ನಿನ ಯೋಜನೆ ಬದಲಾಗುತ್ತದೆ.

◆ ಸ್ತನ ಕ್ಯಾನ್ಸರ್ ಕಂಕುಳಿನ ದುಗ್ಧಗ್ರಂಥಿಗೆ ತಲುಪಿದೆಯೇ ಎಂದು ನೋಡುವಾಗ 0.2 ಮಿಲಿಮೀಟರಿಗೂ ಚಿಕ್ಕ ಗುಂಪನ್ನು "ಬಿಡಿ ಕೋಶಗಳು" ಎನ್ನುತ್ತಾರೆ, 0.2ರಿಂದ 2 ಮಿಲಿಮೀಟರಿನದನ್ನು ಸೂಕ್ಷ್ಮ ಹರಡುವಿಕೆ ಎನ್ನುತ್ತಾರೆ. ಲಕ್ಷಾಂತರ ಲಿಂಫೋಸೈಟ್‌ಗಳ ನಡುವೆ ಅಡಗಿದ ಒಂದೆರಡು ಕ್ಯಾನ್ಸರ್ ಕೋಶಗಳನ್ನು ಕೆರಾಟಿನ್ ಪ್ರತಿಕಾಯ ಎತ್ತಿ ತೋರಿಸುತ್ತದೆ. ಆದರೆ ದುಗ್ಧಗ್ರಂಥಿಯ ಸ್ವಂತ ಜಾಲಕೋಶಗಳಲ್ಲಿ ಕೆಲವು 8 ಮತ್ತು 18ನೇ ಕೆರಾಟಿನ್ ಹೊತ್ತಿರುತ್ತವೆ. ಕವಲೊಡೆದ ಅವುಗಳ ಆಕಾರ ಗೊತ್ತಿಲ್ಲದವರು ಕ್ಯಾನ್ಸರ್ ಎಂದು ತಪ್ಪು ತಿಳಿಯಬಹುದು. ಬಣ್ಣದ ಜೊತೆ ಆಕಾರವನ್ನೂ ಓದಬೇಕು.

◆ ಎದೆಗೂಡಿನಲ್ಲೋ ಹೊಟ್ಟೆಯಲ್ಲೋ ನೀರು ತುಂಬಿಕೊಂಡರೆ ಅದನ್ನು ತೆಗೆದು ಪರೀಕ್ಷಿಸುತ್ತಾರೆ. ಅಲ್ಲಿ ಕೆರಾಟಿನ್ ಒಂದೇ ಸಾಲದು. ಪೊರೆಯ ಮೀಸೋಥೀಲಿಯಲ್ ಕೋಶಗಳಲ್ಲೂ ಕೆರಾಟಿನ್ ಇದೆ. ಅವುಗಳಿಗೆ ಕ್ಯಾಲ್‌ರೆಟಿನಿನ್, ಕಾರ್ಸಿನೋಮಾಕ್ಕೆ ಬೆರ್-ಇಪಿ4 ಅಥವಾ ಕ್ಲಾಡಿನ್-4, ಹೀಗೆ ಎರಡೂ ಕಡೆಯ ಸಾಕ್ಷಿ ಕರೆಸಬೇಕು.

◆ ಬೆರ್-ಇಪಿ4 ಹಿಡಿಯುವುದು ಎಪ್‌ಕ್ಯಾಮ್ ಎಂಬ ಪ್ರೊಟೀನನ್ನು. ಅಮೆರಿಕದ ವಿಸ್ಟಾರ್ ಸಂಸ್ಥೆಯಲ್ಲಿ 1979ರಲ್ಲಿ ಕರುಳಿನ ಕ್ಯಾನ್ಸರ್ ವಿರುದ್ಧ ತಯಾರಿಸಿದ 17-1ಎ ಎಂಬ ಪ್ರತಿಕಾಯದ ಬೆನ್ನುಹತ್ತಿ ಸಿಕ್ಕಿದ ಗುರುತು ಇದು. ಅದೇ ಪ್ರತಿಕಾಯ 1995ರಲ್ಲಿ ಜರ್ಮನಿಯಲ್ಲಿ ಔಷಧಿಯಾಗಿಯೂ ಮಾನ್ಯತೆ ಪಡೆಯಿತು. ನಿರೀಕ್ಷೆಯಷ್ಟು ಫಲ ಕೊಡದೆ ಹಿಂದೆ ಸರಿಯಿತು.

◆ ರಕ್ತದಲ್ಲಿ ಎಪಿಥೀಲಿಯಲ್ ಕೋಶಕ್ಕೆ ಜಾಗವಿಲ್ಲ. ಸಿಕ್ಕಿತೆಂದರೆ ಎಲ್ಲಿಂದಲೋ ಕಳಚಿ ಬಂದಿದೆ ಎಂದೇ ಅರ್ಥ. ಸತ್ತ ಕ್ಯಾನ್ಸರ್ ರೋಗಿಯ ರಕ್ತದಲ್ಲಿ ಗಡ್ಡೆಯ ಕೋಶಗಳನ್ನೇ ಹೋಲುವ ಕೋಶ ಕಂಡೆ ಎಂದು ಆಸ್ಟ್ರೇಲಿಯಾದ ಥಾಮಸ್ ಆಶ್‌ವರ್ತ್ 1869ರಲ್ಲೇ ಬರೆದಿದ್ದರು. ಅವನ್ನು ಎಣಿಸುವ ಸೆಲ್‌ಸರ್ಚ್ ವ್ಯವಸ್ಥೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2004ರಲ್ಲಿ. ಎಪ್‌ಕ್ಯಾಮ್ ಪ್ರತಿಕಾಯ ಅಂಟಿಸಿದ ಕಬ್ಬಿಣದ ಸೂಕ್ಷ್ಮ ಕಣಗಳನ್ನು ರಕ್ತಕ್ಕೆ ಬೆರೆಸಿ ಅಯಸ್ಕಾಂತದಿಂದ ಸೆಳೆಯುತ್ತಾರೆ. ಸಿಕ್ಕ ಕೋಶದಲ್ಲಿ 8, 18, 19ನೇ ಕೆರಾಟಿನ್ ಇರಬೇಕು, ಬಿಳಿರಕ್ತಕಣದ ಗುರುತಾದ ಸಿಡಿ45 ಇರಬಾರದು. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ 7.5 ಮಿಲಿಲೀಟರ್ ರಕ್ತಕ್ಕೆ ಇಂಥ 5 ಅಥವಾ ಹೆಚ್ಚು ಕೋಶ ಸಿಕ್ಕರೆ ಮುನ್ನೋಟ ಚೆನ್ನಾಗಿಲ್ಲ ಎಂದರ್ಥ. ಅದಷ್ಟೇ ರಕ್ತದಲ್ಲಿ ಕೆಂಪುಕಣಗಳೇ ಸಾವಿರಾರು ಕೋಟಿ! ಈ ಉಪಾಯದಲ್ಲೂ ತೂತಿದೆ. ಹರಡಲು ಹೊರಟ ಕೆಲವು ಕೋಶಗಳು ಎಪಿಥೀಲಿಯಲ್ ಗುಣಗಳನ್ನೇ ಕಳಚಿಕೊಳ್ಳುತ್ತವೆ, ಎಪ್‌ಕ್ಯಾಮ್ ಕೂಡ ಕಡಿಮೆಯಾಗುತ್ತದೆ. ಅಂಥವು ಅಯಸ್ಕಾಂತಕ್ಕೆ ಸಿಗುವುದಿಲ್ಲ.

◆ ಎದೆಹಾಲಿನ ಪ್ರತಿ ಕೊಬ್ಬಿನ ಹನಿಯೂ ಎಪಿಥೀಲಿಯಲ್ ಕೋಶದಿಂದ ಹೊರಬೀಳುವಾಗ ಆ ಕೋಶದ ಪೊರೆಯನ್ನೇ ಸುತ್ತಿಕೊಂಡು ಬರುತ್ತದೆ. ಹಾಗಾಗಿ ಹಾಲಿನ ಕೊಬ್ಬಿನ ಹನಿಗಳನ್ನೇ ಬಳಸಿ 1979ರಲ್ಲಿ ಇಎಂಎ ಎಂಬ ಗುರುತಿನ ಪ್ರತಿಕಾಯ ತಯಾರಿಸಿದರು. ಇಂದಿಗೂ ಬಳಕೆಯಲ್ಲಿದೆ.

◆ ಕೆಲವೊಮ್ಮೆ ದೇಹವೇ ತನ್ನ ಎಪಿಥೀಲಿಯಂ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಬಾಯಿ ಮತ್ತು ಚರ್ಮದಲ್ಲಿ ಬೊಬ್ಬೆ ಏಳುವ ಪೆಂಫಿಗಸ್ ಅಂಥ ಕಾಯಿಲೆ. 1964ರಲ್ಲಿ ಅಮೆರಿಕದ ಬಫಲೋದಲ್ಲಿ ಅರ್ನ್ಸ್ಟ್ ಬ್ಯೂಟ್ನರ್ ಮತ್ತು ರಾಬರ್ಟ್ ಜೋರ್ಡನ್ ರೋಗಿಗಳ ರಕ್ತದಲ್ಲಿ ಆ ಪ್ರತಿಕಾಯ ತೋರಿಸಿದರು. ರೋಗಿಯ ಚರ್ಮದ ತುಣುಕಿಗೆ ಹೊಳೆಯುವ ಬಣ್ಣ ಹಾಕಿ ನೋಡಿದರೆ ಕೋಶ ಕೋಶಗಳ ಗಡಿಯೆಲ್ಲ ಮಿನುಗಿ ಮೀನಿನ ಬಲೆ ಹರಡಿದಂತೆ ಕಾಣುತ್ತದೆ. ಪೆಂಫಿಗಸ್ ವಲ್ಗ್ಯಾರಿಸ್‌ನಲ್ಲಿ ಗುರಿಯಾಗುವುದು ಕೋಶಗಳನ್ನು ಅಂಟಿಸುವ ಡೆಸ್ಮೋಗ್ಲೀನ್-3 ಎಂಬ ಪ್ರೊಟೀನ್ ಎಂದು 1991ರಲ್ಲಿ ತಿಳಿಯಿತು. ರಕ್ತದಲ್ಲಿ ಈ ಪ್ರತಿಕಾಯ ಹುಡುಕಲು ಬಳಸುವ ಅಂಗಾಂಶ ಯಾವುದು ಗೊತ್ತೇ? ಕೋತಿಯ ಅನ್ನನಾಳ.

◆ ಹುಟ್ಟಿದಾಗಿನಿಂದ ಮುಟ್ಟಿದರೆ ಬೊಬ್ಬೆ ಏಳುವ ಎಪಿಡರ್ಮೊಲಿಸಿಸ್ ಬುಲ್ಲೋಸಾ ಕಾಯಿಲೆಯ ಒಂದು ಬಗೆಗೆ 5 ಅಥವಾ 14ನೇ ಕೆರಾಟಿನ್ ಜೀನಿನ ದೋಷ ಕಾರಣ ಎಂದು 1991ರಲ್ಲಿ ಗೊತ್ತಾಯಿತು. ಎಲೇನ್ ಫುಕ್ಸ್ ಅವರ ತಂಡದ ಕೆಲಸ ಅದರಲ್ಲಿ ಮುಖ್ಯ. ಮಗುವಿಗೆ ಬಂದಿರುವುದು ಯಾವ ಬಗೆ ಎಂದು ತಿಳಿಯಲು ಹೊಸ ಬೊಬ್ಬೆಯ ಅಂಚಿನ ಚಿಕ್ಕ ತುಣುಕು ಸಾಕು. ಮೇಲ್ಪದರದ ಬುಡದಲ್ಲಿ ಗೆರೆಯಂತೆ ಹಾಸಿರುವ ನಾಲ್ಕನೇ ಬಗೆಯ ಕೊಲಾಜನ್‌ನ ಪ್ರತಿಕಾಯ ಬೊಬ್ಬೆಯ ನೆಲದಲ್ಲಿ ಹೊಳೆದರೆ ಚರ್ಮ ಅದರ ಮೇಲೆ ಸೀಳಿದೆ. ಛಾವಣಿಯಲ್ಲಿ ಹೊಳೆದರೆ ಅದರ ಕೆಳಗೆ ಸೀಳಿದೆ. ಕೆಳಗೆ ಸೀಳಿದ ಬಗೆ ಗಾಯದ ಕಲೆ ಉಳಿಸುತ್ತದೆ, ಬೆರಳುಗಳನ್ನೂ ಅಂಟಿಸಿಬಿಡಬಹುದು. ಹೆತ್ತವರಿಗೆ ಮುಂದೇನು ಎಂದು ಹೇಳಲು ಈ ಒಂದು ಗೆರೆಯ ಜಾಗ ಅಷ್ಟು ಮುಖ್ಯ.

◆ ಸಾಯುತ್ತಿರುವ ಎಪಿಥೀಲಿಯಲ್ ಕೋಶವನ್ನೇ ಹಿಡಿಯುವ ಪ್ರತಿಕಾಯವೂ ಇದೆ. ಹೆಸರು ಎಂ30. ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವಾಗ ಕ್ಯಾಸ್ಪೇಸ್ ಕಿಣ್ವ 18ನೇ ಕೆರಾಟಿನನ್ನು ಕತ್ತರಿಸುತ್ತದೆ. ಆ ಕತ್ತರಿಸಿದ ತುದಿಗೆ ಮಾತ್ರ ಎಂ30 ಅಂಟುತ್ತದೆ, ಇಡೀ ಕೆರಾಟಿನ್‌ಗೆ ಅಂಟುವುದಿಲ್ಲ. ಕೊಬ್ಬಿನ ಯಕೃತ್ತಿನ ಸಂಶೋಧನೆಯಲ್ಲಿ ರಕ್ತದೊಳಗಿನ ಈ ತುಣುಕನ್ನು ಅಳೆಯುತ್ತಾರೆ.

◆ ಸಂಶೋಧನಾಲಯದ ಅಚ್ಚುಮೆಚ್ಚಿನ ಎಪಿಥೀಲಿಯಲ್ ಕೋಶ ಎಂಡಿಸಿಕೆ. 1958ರಲ್ಲಿ ಕಾಕರ್ ಸ್ಪೇನಿಯಲ್ ಹೆಣ್ಣುನಾಯಿಯೊಂದರ ಮೂತ್ರಪಿಂಡದಿಂದ ಬಂದದ್ದು. ಪಕ್ಕಪಕ್ಕದ ಕೋಶಗಳನ್ನು ಸೋರದಂತೆ ಬೆಸೆಯುವ ಬಿಗಿಗಟ್ಟಿನ (ಟೈಟ್ ಜಂಕ್ಷನ್) ಮೊದಲ ಪ್ರೊಟೀನ್ ಜೆಡ್‌ಒ-1 ಸಿಕ್ಕಿದ್ದೂ ಪ್ರತಿಕಾಯದ ಮೂಲಕವೇ, 1986ರಲ್ಲಿ. ಇಂದು ಎಂಡಿಸಿಕೆ ಹಾಸಿನ ಮೇಲೆ ಆ ಪ್ರತಿಕಾಯ ಹನಿಸಿದರೆ ಪ್ರತಿ ಕೋಶದ ಸುತ್ತ ಕೊರೆದ ಹಾಗೆ ಸ್ಪಷ್ಟವಾದ ಗೆರೆ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ತಡೆಗೋಡೆ ಸೋರುತ್ತಿರಬಹುದು.

◆ ಮನುಷ್ಯನ ಪ್ರತಿಯೊಂದು ಪ್ರೊಟೀನೂ ಯಾವ ಅಂಗಾಂಶದಲ್ಲಿದೆ ಎಂದು ಪ್ರತಿಕಾಯಗಳಿಂದ ನಕ್ಷೆ ಮಾಡುವ ಹ್ಯೂಮನ್ ಪ್ರೊಟೀನ್ ಅಟ್ಲಾಸ್ 2003ರಲ್ಲಿ ಸ್ವೀಡನ್‌ನಲ್ಲಿ ಆರಂಭವಾಯಿತು. ಆ ಚಿತ್ರಗಳನ್ನು ಒಂದೊಂದಾಗಿ ನೋಡಿ ಬಣ್ಣದ ತೀವ್ರತೆ ದಾಖಲಿಸುವ ಕೆಲಸದಲ್ಲಿ ಮುಂಬೈಯ ಪೆಥಾಲಜಿಸ್ಟರ ತಂಡಕ್ಕೂ ದೊಡ್ಡ ಪಾಲಿದೆ. ಅಟ್ಲಾಸ್ ಎಲ್ಲರಿಗೂ ಉಚಿತ.

◆ ಮಾರುಕಟ್ಟೆಯಲ್ಲಿ ಸಿಗುವ ಪ್ರತಿಕಾಯಗಳೆಲ್ಲ ಡಬ್ಬಿಯ ಮೇಲೆ ಬರೆದದ್ದನ್ನೇ ಹಿಡಿಯುತ್ತವೆಯೇ? ಇಲ್ಲ. ಸಂಶೋಧನೆಗೆ ಬಳಸುವ ಪ್ರತಿಕಾಯಗಳ ಗುಣಮಟ್ಟದ ಬಗ್ಗೆ 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಮಾಡಿ "ನೇಚರ್" ಪತ್ರಿಕೆಯಲ್ಲಿ ಎಚ್ಚರಿಸಿದರು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು 65 ಪ್ರೊಟೀನ್‌ಗಳಿಗೆಂದು ಮಾರುವ 614 ಪ್ರತಿಕಾಯಗಳನ್ನು ಪರೀಕ್ಷಿಸಿತು. ಅರ್ಧಕ್ಕೂ ಹೆಚ್ಚು ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು. ಸೋತವನ್ನು ಬಳಸಿ ಬರೆದ ಸಂಶೋಧನಾ ಲೇಖನಗಳೂ ಆಗಲೇ ಅಚ್ಚಾಗಿದ್ದವು. ಆ 65 ನರವಿಜ್ಞಾನದ ಪ್ರೊಟೀನ್‌ಗಳಾಗಿದ್ದರೂ ಪಾಠ ಎಲ್ಲರಿಗೂ ಸಲ್ಲುತ್ತದೆ. ಪರಿಶೀಲಿಸದ ಪ್ರತಿಕಾಯವನ್ನು ಬಳಸಿ ಬಂದ ಬಣ್ಣವನ್ನು ಸತ್ಯವೆಂದು ಪ್ರಕಟಿಸುವುದು ವಿಜ್ಞಾನಕ್ಕೆ ಮಾಡುವ ದ್ರೋಹ ಎಂದೇ ನಾನು ಭಾವಿಸುತ್ತೇನೆ.

◆ ರೋಗನಿರ್ಣಯದ ಲ್ಯಾಬುಗಳಲ್ಲಿ ಕಾವಲು ಹೆಚ್ಚು. ಪರೀಕ್ಷೆಯ ಜೊತೆಗೇ ಫಲಿತಾಂಶ ಮೊದಲೇ ಗೊತ್ತಿರುವ ಅಂಗಾಂಶಕ್ಕೂ ಬಣ್ಣ ಹಾಕುತ್ತಾರೆ. ಕೆರಾಟಿನ್ ಮಿಶ್ರಣಕ್ಕೆ ಯಕೃತ್ತು ಒಳ್ಳೆಯ ಪರೀಕ್ಷಕ: ಕೆರಾಟಿನ್ ಅಲ್ಲಿ ಕಡಿಮೆ, ಹಾಗಾಗಿ ಪ್ರತಿಕಾಯ ದುರ್ಬಲವಾಗಿದ್ದರೆ ಯಕೃತ್ತಿನಲ್ಲೇ ಮೊದಲು ಬಯಲಾಗುತ್ತದೆ. ಬರೀ ಚರ್ಮವನ್ನು ಕಂಟ್ರೋಲ್ ಆಗಿಟ್ಟರೆ ಸೋಮಾರಿ ಪ್ರತಿಕಾಯವೂ ಪಾಸಾಗಿಬಿಡುತ್ತದೆ. ಇದೇ ಯಕೃತ್ತು, ಮೂತ್ರಪಿಂಡಗಳಲ್ಲಿ ಬಯೋಟಿನ್ ಹೇರಳ. 1981ರಲ್ಲಿ ಬಂದ ಅವಿಡಿನ್-ಬಯೋಟಿನ್ ವಿಧಾನ ಅಲ್ಲಿ ಸುಳ್ಳು ಬಣ್ಣ ತರುತ್ತಿದ್ದುದರಿಂದ ಹಲವು ಲ್ಯಾಬುಗಳು ಪಾಲಿಮರ್ ವಿಧಾನಕ್ಕೆ ಬದಲಾದವು.

◆ ಕೊನೆಗೆ, ನಿಮ್ಮ ಕೈಯಲ್ಲೇ ಇರುವ ಎರಡು ಸಂಗತಿ. ತೆಗೆದ ತುಣುಕು ಹೋಗಬೇಕಾದ್ದು 10 ಪರ್ಸೆಂಟ್ ಬಫರ್ಡ್ ಫಾರ್ಮಲಿನ್‌ಗೆ, ತುಣುಕಿನ ಹತ್ತು ಪಟ್ಟಾದರೂ ದ್ರವ ಇರಬೇಕು. ಸಲೈನ್‌ನಲ್ಲಿ ಗಂಟೆಗಟ್ಟಲೆ ಕೂತ ತುಣುಕು ಕೊಳೆಯತೊಡಗುತ್ತದೆ. ಸ್ತನ ಕ್ಯಾನ್ಸರ್‌ನ ಹಾರ್ಮೋನ್ ಪರೀಕ್ಷೆಗಳಿಗಂತೂ 6ರಿಂದ 72 ಗಂಟೆಯ ಫಾರ್ಮಲಿನ್ ಎಂಬ ಗಡುವೇ ಇದೆ. ತುಣುಕನ್ನು ಬೇರೆ ಊರಿನ ಲ್ಯಾಬಿಗೆ ನೀವೇ ಒಯ್ಯಬೇಕಾಗಿ ಬಂದರೆ ಡಬ್ಬಿಯಲ್ಲಿರುವುದು ಏನು, ಯಾವಾಗ ಹಾಕಿದ್ದು ಎಂದು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ನೊಂದು, ಕಲಬುರಗಿಯಿಂದಲೋ ಕಾರವಾರದಿಂದಲೋ ಬೆಂಗಳೂರಿಗೆ, ಮಣಿಪಾಲಕ್ಕೆ ಎರಡನೇ ಅಭಿಪ್ರಾಯಕ್ಕೆ ಹೊರಟರೆ ವರದಿ, ಸ್ಲೈಡುಗಳ ಜೊತೆ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಸ್ಲೈಡಿಗೆ ಒಮ್ಮೆ ಬಣ್ಣ ಹಾಕಿಯಾಗಿದೆ; ಕತ್ತರಿಸಿ ಹಾಗೇ ಇಟ್ಟ ಪದರಗಳೂ ತಿಂಗಳುಗಳು ಕಳೆದಂತೆ ಬಣ್ಣ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತವೆ. ಬ್ಲಾಕ್ ಹಾಗಲ್ಲ, ತಂಪಾದ ಜಾಗದಲ್ಲಿ ಇಟ್ಟರೆ ಹತ್ತಾರು ವರ್ಷದ ಮೇಲೂ ಅದರಿಂದ ಹೊಸ ಪದರ ಹೆರೆದು ಕೆರಾಟಿನ್ ಪರೀಕ್ಷೆ ಮಾಡಬಹುದು. ಹೊರಡುವ ಮುಂಚೆ ಬ್ಲಾಕಿನ ಮೇಲಿನ ನಂಬರು ವರದಿಯ ನಂಬರಿಗೆ ತಾಳೆಯಾಗುತ್ತದೆಯೇ ಎಂದು ಕೌಂಟರಿನಲ್ಲೇ ನಿಂತು ನೋಡಿಕೊಳ್ಳಿ.